ನೆಕ್ಸ್ಟ್‌ರಗಿ ಎಂಬ ಊರು

ಮೊನ್ನೆ ಶನಿವಾರ ಜಯನಗರದ ಒಂದು ಜೆರಾಕ್ಸ್ ಅಂಗಡಿಗೆ ಹೋಗಿದ್ದೆ. ಅಮ್ಮ ಇನ್ನೂ ಬದುಕಿದ್ದಾರೆಂದು ಪಿಂಚಣಿಯವರಿಗೆ ವರ್ಷಕ್ಕೊಮ್ಮೆ ತಿಳಿಸಬೇಕಲ್ಲ, ಅದಕ್ಕೆ ಅವರ ಆಧಾರ್ ಕಾರ್ಡಿನ ಎರಡು ಪ್ರತಿ ಬೇಕಿತ್ತು. ಅಂಗಡಿಯಾತ ಯಂತ್ರದ ಮುಚ್ಚಳ ಎತ್ತಿ, ಕಾರ್ಡನ್ನು ಬೋರಲು ಹಾಕಿ, ನನ್ನ ಹೆಗಲ ಮೇಲಿನ ಚೀಲವನ್ನೊಮ್ಮೆ ನೋಡಿದ. ಚೀಲದ ಮೇಲೆ ಯಾವುದೋ ಕಾಲೇಜು ಉತ್ಸವದ ಹೆಸರಿತ್ತು.

"ಮಗ ಇಂಜಿನಿಯರಿಂಗಾ ಮೇಡಂ? ಥರ್ಡ್ ಸೆಮ್ ಲ್ಯಾಬ್ ಪ್ರೋಗ್ರಾಂ ಸೆಟ್ ರೆಡಿ ಇದೆ. ಔಟ್‌ಪುಟ್ ಸಮೇತ. ಬೈಂಡಿಂಗ್ ಮಾಡ್ಸಿ ಸೀದಾ ಸಬ್ಮಿಟ್ ಮಾಡ್ಬಹುದು."

ಸೆಟ್ಟನ್ನು ಕೈಗೆ ತೆಗೆದುಕೊಂಡೆ. ಆಗಷ್ಟೇ ಯಂತ್ರದಿಂದ ಬಂದ ಹಾಳೆಗಳು, ಬೆಚ್ಚಗಿದ್ದವು. ಎರಡು ಪುಟ ತಿರುಗಿಸುವಷ್ಟರಲ್ಲಿ ಗುರುತು ಹತ್ತಿತು. ಅವು ನಾನೇ ಯಾವಾಗಲೋ ತರಗತಿಗೆ ಕೊಟ್ಟಿದ್ದ ಮಾದರಿ ಪ್ರೋಗ್ರಾಂಗಳು. ನಾನು ಅವಸರದಲ್ಲಿ ಮಾಡಿದ್ದ ಒಂದು ಸ್ಪೆಲಿಂಗ್ ತಪ್ಪು ಕೂಡ ಕೂದಲೂ ಕೊಂಕದೆ ಹಾಗೆಯೇ ಉಳಿದಿತ್ತು.

"ಎಂಥಾ ಸ್ಟ್ರಿಕ್ಟ್ ಮೇಡಂ ಇದ್ರೂ ಇದು ಪಾಸಾಗತ್ತೆ," ಎಂದು ಆತ ಭರವಸೆ ಕೊಟ್ಟ.

"ಬೇಡಪ್ಪ, ನನ್ನ ಹತ್ರ ಇದೆ," ಎಂದು ಹೇಳಿ ಅಮ್ಮನ ಪ್ರತಿಗಳನ್ನು ತೆಗೆದುಕೊಂಡು ಹೊರಗೆ ಬಂದೆ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬಸ್ಸು ಹತ್ತಿ ಕಿಟಕಿ ಪಕ್ಕ ಕೂತ ಮೇಲೂ ಬೆರಳಲ್ಲಿ ಆ ಬಿಸಿ ಕಾಗದದ ವಾಸನೆ ಉಳಿದಿತ್ತು. ಅದರ ಹಿಂದೆಯೇ ಒಂದು ಭಾನುವಾರದ ಮಧ್ಯಾಹ್ನ ನೆನಪಾಯಿತು, ಅವತ್ತು ನನ್ನ ಊಟದ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಿದ್ದ ಎರಡು ಪ್ರಿಂಟ್‌ಔಟುಗಳೂ. ಅದನ್ನು ಯಾರಿಗೂ ಪೂರ್ತಿ ಹೇಳಿಲ್ಲ. ನೀವು ಸಿಕ್ಕಿದ್ದೀರಿ, ಹೇಳಿಬಿಡುತ್ತೇನೆ.

ನಾನು ಕನಕಪುರ ರಸ್ತೆಯ ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಪಾಠ ಮಾಡುತ್ತೇನೆ. ಮಾಡುತ್ತಾ ಇಪ್ಪತ್ತು ವರ್ಷ ದಾಟಿತು. ಪಾಠ ಚೆನ್ನಾಗಿ ಮಾಡುತ್ತೇನೆಂದು ಯಾರಾದರೂ ಹೊಗಳಿದ್ದಾರೋ ಇಲ್ಲವೋ ನೆನಪಿಲ್ಲ. ಆದರೆ ಕಾಪಿ ಹಿಡಿಯುವುದರಲ್ಲಿ ನನಗೆ ಹೆಸರಿತ್ತು. ಹುಡುಗರು ನನಗೆ ಇಟ್ಟಿದ್ದ ಅಡ್ಡಹೆಸರು 'ಸಿಸಿಟಿವಿ'. ಕಾರಿಡಾರಿನಲ್ಲಿ ನಾನು ಬರುತ್ತಿದ್ದರೆ "ಮಗಾ, ಸಿಸಿಟಿವಿ ಆನ್ ಆಯ್ತು" ಎನ್ನುತ್ತಿದ್ದರು. ಕೇಳಿಸದವಳಂತೆ ನಡೆಯುತ್ತಿದ್ದೆ. ಒಳಗೊಳಗೇ ಖುಷಿಯಾಗುತ್ತಿತ್ತು ಎಂಬುದನ್ನು ಈಗ ಒಪ್ಪಿಕೊಳ್ಳಬಹುದು.

ಹಾಗಂತ ನಾನೇನೂ ಕಾಪಿ ಹೊಡೆಯದೆ ಬೆಳೆದವಳಲ್ಲ. ನಾನು ಓದುವಾಗ ಲ್ಯಾಬ್ ರೆಕಾರ್ಡ್ ಬರೆಯುವುದೆಂದರೆ ನಾಲ್ವರು ಗೆಳತಿಯರು ಬನಶಂಕರಿಯ ನಮ್ಮ ಮನೆಯ ಹಜಾರದಲ್ಲಿ ಕೂತು, ಒಬ್ಬಳು ಓದಿ ಹೇಳಿದ್ದನ್ನು ಉಳಿದ ಮೂವರು ಬರೆಯುವುದು. ಅಮ್ಮ ನಡುವೆ ಅವಲಕ್ಕಿ ತಂದಿಟ್ಟು, "ಡಿಕ್ಟೇಶನ್ ಕೊಡೋಳು ಮೊದ್ಲು ತಿನ್ನಲಿ," ಎನ್ನುತ್ತಿದ್ದರು. ಒಮ್ಮೆ ಆ ಗೆಳತಿ ಸಾಲಿನ ಮಧ್ಯೆ "ಥೂ, ಇರುವೆ" ಎಂದಾಗ ಇನ್ನೊಬ್ಬಳು ಅದನ್ನೂ ಬರೆದುಕೊಂಡಿದ್ದಳು. ಮೇಷ್ಟ್ರು ಅದಕ್ಕೂ ರೈಟ್ ಹಾಕಿದ್ದರು. ನಮಗದು ಕಳ್ಳತನ ಅನ್ನಿಸಿರಲೇ ಇಲ್ಲ.

ಮೇಷ್ಟ್ರ ಕುರ್ಚಿಗೆ ಬಂದ ಮೇಲೆ ಅನ್ನಿಸಿತು. ಸರಿಯಾದ ಪ್ರೋಗ್ರಾಂಗಳು ಒಂದನ್ನೊಂದು ಹೋಲಬಹುದು, ಅದರಲ್ಲಿ ವಿಶೇಷವಿಲ್ಲ. ತಪ್ಪುಗಳು ಹೋಲಿದರೆ ಮಾತ್ರ ಎಲ್ಲೋ ಕೈ ಬದಲಾಗಿದೆ ಎಂದರ್ಥ. ಒಬ್ಬ ಹುಡುಗನ ಒಂದು ಸ್ಪೆಲಿಂಗ್ ತಪ್ಪು ಮದ್ರಾಸ್ ಐನಂತೆ ಬೆಂಚಿನಿಂದ ಬೆಂಚಿಗೆ ಹರಡಿ ಹನ್ನೊಂದು ಪ್ರೋಗ್ರಾಂಗಳಲ್ಲಿ ಕಾಣಿಸಿಕೊಂಡದ್ದನ್ನು ನಾನು ಬೋರ್ಡಿನ ಮೇಲೆ ನಕ್ಷೆ ಬರೆದು ತೋರಿಸಿದ್ದೆ. ಮತ್ತೊಬ್ಬ ತನ್ನ ಗೆಳೆಯನ ಹೆಸರು, ರಿಜಿಸ್ಟರ್ ನಂಬರ್ ಸಮೇತ ಪ್ರೋಗ್ರಾಂ ಕೊಟ್ಟಿದ್ದ. "ಇದೇನಪ್ಪಾ?" ಎಂದರೆ, "ಅವನೇ ನನಗೆ ಇನ್‌ಸ್ಪಿರೇಶನ್ ಮೇಡಂ," ಎಂದ. ಇಡೀ ಕ್ಲಾಸು ನಕ್ಕಿತು. ನಾನೂ ನಕ್ಕು ಸೊನ್ನೆ ಹಾಕಿದೆ.

ಆಮೇಲೆ ಸಾಫ್ಟ್‌ವೇರ್ ಬಂತು. ಅರವತ್ತು ಮಕ್ಕಳ ಪ್ರೋಗ್ರಾಂಗಳನ್ನು ಅದರ ಬಾಯಿಗೆ ಹಾಕಿದರೆ, ಪ್ರತಿಯೊಂದನ್ನೂ ಉಳಿದೆಲ್ಲದರ ಜೊತೆ ಹೋಲಿಸಿ, ಯಾವ ಎರಡು ಒಂದೇ ಅಚ್ಚು ಎಂದು ಬಣ್ಣ ಬಳಿದು ತೋರಿಸುತ್ತದೆ. ಹೆಸರುಗಳನ್ನು ಬದಲಾಯಿಸಿದರೂ ಅದಕ್ಕೆ ಮೋಸವಾಗುವುದಿಲ್ಲ, ಏಕೆಂದರೆ ಅದು ಹೆಸರುಗಳನ್ನು ನೋಡುವುದೇ ಇಲ್ಲ, ಎಲುಬಿನ ಹಂದರವನ್ನಷ್ಟೇ ನೋಡುತ್ತದೆ. ಎರಡು ಪ್ರೋಗ್ರಾಂ ಒಂದೇ ಎಂದು ಹೇಳುವಲ್ಲಿಗೆ ಅದರ ಕೆಲಸ ಮುಗಿಯಿತು. ಯಾರು ಬರೆದರು, ಯಾರು ತೆಗೆದುಕೊಂಡರು ಎಂಬುದನ್ನು ಅದು ಹೇಳುವುದಿಲ್ಲ. ಅದನ್ನು ಹೇಳುವುದಕ್ಕೆ ನಾನಿದ್ದೆನಲ್ಲ.

ಆ ವರ್ಷ ಮೂರನೆಯ ಸೆಮಿಸ್ಟರಿಗೆ ನಾನು ಕೊಟ್ಟ ಅಸೈನ್‌ಮೆಂಟು ಬಸ್ ಮಾರ್ಗದ್ದು. ಬನಶಂಕರಿಯಿಂದ ಬೊಮ್ಮನಹಳ್ಳಿಗೆ ಹೋಗುವ ಬಸ್ಸು ಎಂದಿಟ್ಟುಕೊಳ್ಳಿ. ಒಂದೊಂದು ನಿಲ್ದಾಣಕ್ಕೂ ತನ್ನ ಹಿಂದಿನದು ಯಾವುದು, ಮುಂದಿನದು ಯಾವುದು ಎಂಬುದಷ್ಟೇ ಗೊತ್ತು. ನಡುವೆ ಹೊಸ ನಿಲ್ದಾಣ ಸೇರಿಸಬೇಕು, ರಸ್ತೆ ಅಗೆದರೆ ಒಂದನ್ನು ತೆಗೆಯಬೇಕು, ಬಸ್ಸು ಎರಡೂ ದಿಕ್ಕಿಗೆ ತಪ್ಪದೆ ಓಡಬೇಕು. ಹುಡುಗರಿಗೆ ಇದು ಸುಲಭವಲ್ಲ. ಹಿಂದು ಮುಂದಿನ ಕೊಂಡಿ ಒಂದು ತಪ್ಪಿದರೆ ಬಸ್ಸು ಕಾಣೆಯಾಗುತ್ತದೆ.

ಸಾಫ್ಟ್‌ವೇರು ಎರಡು ಹೆಸರುಗಳನ್ನು ಕೆಂಪಿನಲ್ಲಿ ತೋರಿಸಿತು. ಚೇತನ್ ಮತ್ತು ಶಿವಲೀಲಾ.

ಚೇತನ್ ವಸಂತಪುರದ ಹುಡುಗ. ಆ ಕಡೆ ಇನ್ನೂ ಹೊಲಗಳಿದ್ದಾಗಿನಿಂದ ಅಲ್ಲಿದ್ದವರು ಅವನ ಮನೆಯವರು. ಈಗ ಹೊಲವಿದ್ದ ಜಾಗದಲ್ಲಿ ಅವರದೇ ಬಾಡಿಗೆ ಮನೆಗಳಿವೆ. ಮೊದಲ ಬೆಂಚು, ನಗುಮುಖ, ಕೇಳಿದ್ದಕ್ಕೆ ಥಟ್ಟನೆ ಇಂಗ್ಲಿಷಿನಲ್ಲಿ ಉತ್ತರ. ನನ್ನ ಕೈಯಲ್ಲಿ ಪುಸ್ತಕಗಳ ಹೊರೆ ಕಂಡರೆ ಓಡಿ ಬಂದು ಎತ್ತಿಕೊಳ್ಳುತ್ತಿದ್ದ. ಶಿವಲೀಲಾ ಗದಗದ ಕಡೆಯವಳು. ಅಲ್ಲಿ ಡಿಪ್ಲೊಮಾ ಮುಗಿಸಿ ನೇರವಾಗಿ ಎರಡನೆಯ ವರ್ಷಕ್ಕೆ ಸೇರಿದ್ದಳು. ಬಿಟಿಎಂ ಲೇಔಟಿನಲ್ಲಿ ಸೋದರಮಾವನ ಜೊತೆ ಇದ್ದಳು. ಮಾವ ಯಾವುದೋ ಆಫೀಸಿನಲ್ಲಿ ಸೆಕ್ಯುರಿಟಿ ಸೂಪರ್‌ವೈಸರ್. ಒಂದು ವರ್ಷ ಮೊದಲೇ ಸೇರಿ ಗುಂಪು ಕಟ್ಟಿಕೊಂಡಿದ್ದ ಹುಡುಗರ ನಡುವೆ ಅವಳು ಕೊನೆಯ ಬೆಂಚಿನ ಗೋಡೆ ಪಕ್ಕ ಕೂರುತ್ತಿದ್ದಳು. ನಾನು ಪ್ರಶ್ನೆ ಕೇಳಿದರೆ ಎದ್ದು ನಿಲ್ಲುವಳು, ತುಟಿ ಅಲುಗಿಸುವಳು, ಕೂರುವಳು.

ಎರಡೂ ಪ್ರೋಗ್ರಾಂ ತೆರೆದು ನೋಡಿದೆ. ಒಂದೇ ಅಚ್ಚು. ಚೇತನ್‌ನದರಲ್ಲಿ ಹಿಂದಿನ ನಿಲ್ದಾಣಕ್ಕೆ prev, ಮುಂದಿನದಕ್ಕೆ next ಎಂದು ಎಲ್ಲ ಪುಸ್ತಕಗಳಲ್ಲಿರುವ ಹೆಸರುಗಳು. ಶಿವಲೀಲಾಳದರಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ hinda, munda. ಅವಳ ಕಡೆಯವರು ಹಿಂದ, ಮುಂದ ಎನ್ನುತ್ತಾರಲ್ಲ, ಹಾಗೆ. ಚೇತನ್ ಒಂದು ದಿನ ಮೊದಲು ಸಲ್ಲಿಸಿದ್ದ, ಇವಳು ಕೊನೆಯ ದಿನ.

ನನಗೆ ಐದು ನಿಮಿಷವೂ ಬೇಕಾಗಲಿಲ್ಲ. ಕಾಪಿ ಮಾಡಿದವರು ಮೊದಲು ಮಾಡುವ ಕೆಲಸವೇ ಹೆಸರು ಬದಲಾಯಿಸುವುದು. ಇವಳು next ಅನ್ನು munda ಮಾಡಿದ್ದಾಳೆ, ಪಾಪ, ನನಗೆ ಗೊತ್ತಾಗುವುದಿಲ್ಲ ಅಂದುಕೊಂಡಿದ್ದಾಳೆ. ಹೀಗೆ ತೀರ್ಮಾನಿಸಿ, ಕಾಫಿ ಕುಡಿದು, ವಿಭಾಗದ ಮುಖ್ಯಸ್ಥರಿಗೆ ವರದಿ ಬರೆದೆ.

ವಿಚಾರಣೆ ಮುಖ್ಯಸ್ಥರ ಕೋಣೆಯಲ್ಲಿ ನಡೆಯಿತು. ಮೇಜಿನ ಆಚೆ ಅವರು, ಪಕ್ಕದಲ್ಲಿ ನಾನು, ಎದುರಿಗೆ ಇಬ್ಬರು ಮಕ್ಕಳು. ಎಲ್ಲ ಇಂಗ್ಲಿಷಿನಲ್ಲಿ. ಚೇತನ್ ಸರಾಗವಾಗಿ ಹೇಳಿದ: ಲ್ಯಾಬಿನಲ್ಲಿ ಲ್ಯಾಪ್‌ಟಾಪ್ ತೆರೆದಿಟ್ಟು ಕ್ಯಾಂಟೀನಿಗೆ ಹೋಗಿದ್ದೆ, ಆಗ ಏನಾಯಿತೋ ತಿಳಿಯದು. ಅವನು ಅವಳತ್ತ ಬೆರಳು ತೋರಿಸಲಿಲ್ಲ. ಅಗತ್ಯವೂ ಇರಲಿಲ್ಲ. ಆ ಕೆಲಸ ನಾನು ಮಾಡಿದೆ. ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟು, ಹೆಸರು ಬದಲಾಯಿಸಿರುವ ಜಾಗಗಳಿಗೆಲ್ಲ ಹಸಿರು ಪೆನ್ನಿನಲ್ಲಿ ಸುತ್ತು ಹಾಕಿ ವಿವರಿಸಿದೆ.

ಮುಖ್ಯಸ್ಥರು ಅವಳನ್ನು ಕೇಳಿದರು. ಅವಳು "ಸರ್, ಐ... ನಾ..." ಎಂದು ಶುರುಮಾಡಿ ನಿಂತಳು. ಕಾಲ ಬಳಿಯಿದ್ದ ಚೀಲದ ಜಿಪ್ಪಿಗೆ ಕೈ ಹಾಕಿದಳು.

"ಬ್ಯಾಗ್ ಕೆಳಗಿಡಮ್ಮ. ಇಂಗ್ಲಿಷಲ್ಲಿ ಹೇಳು, ಮಿನಿಟ್ಸ್ ಬರೀಬೇಕು," ಎಂದರು ಮುಖ್ಯಸ್ಥರು. ಅವರು ಕೆಟ್ಟವರಲ್ಲ. ಅವತ್ತು ಇನ್ನೂ ನಾಲ್ಕು ಮೀಟಿಂಗ್ ಇದ್ದವು.

ಅವಳು ನನ್ನ ಕಡೆ ತಿರುಗಿದಳು. "ನಾ ಬದಲ್ ಮಾಡಿಲ್ರಿ ಮೇಡಂ. ನಾ ಬರಿಯೂದ ಹಂಗರಿ."

ಅದು ಕನ್ನಡ. ನನ್ನ ಮನೆಯಲ್ಲಿ ಆಡುವ ಭಾಷೆ. ಅಮ್ಮನ ಜೊತೆ, ಸೊಪ್ಪಿನವಳ ಜೊತೆ, ಆಟೋದವನ ಜೊತೆ ಜಗಳ ಆಡುವ ಭಾಷೆ. ಆ ಕೋಣೆಯಲ್ಲಿ ಕೂತು ನಾನು ಅದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟೆ. ಪ್ರೋಗ್ರಾಮಿಂಗಿನಲ್ಲಿ ಯಾರೂ ಹಾಗೆ ಬರೆಯುವುದಿಲ್ಲ ಎಂದೆ. ಮುಖ್ಯಸ್ಥರು ತಲೆಯಾಡಿಸಿ ಬರೆದುಕೊಂಡರು. ಅವಳು ಮತ್ತೆ ಬಾಯಿ ತೆರೆಯಲಿಲ್ಲ. ಅದನ್ನು ನಾವು ತಪ್ಪೊಪ್ಪಿಗೆ ಎಂದು ತಿಳಿದೆವು.

ತೀರ್ಪು ಹೀಗಿತ್ತು: ಶಿವಲೀಲಾ ಆ ಲ್ಯಾಬಿನಲ್ಲಿ ಅನುತ್ತೀರ್ಣ, ಮುಂದಿನ ವರ್ಷ ಜೂನಿಯರ್‌ಗಳ ಜೊತೆ ಕೂತು ಮತ್ತೆ ಮಾಡಬೇಕು. ಕಾರಣವನ್ನು ಅವಳ ದಾಖಲೆಯಲ್ಲಿ ಬರೆಯಲಾಗುವುದು. ಚೇತನ್‌ಗೆ ಅಜಾಗರೂಕತೆಗಾಗಿ ಎಚ್ಚರಿಕೆ. ಮನೆಯವರು ಬಂದು ಸಹಿ ಹಾಕಬೇಕೆಂದಿತ್ತು. ಅವಳ ಮಾವ ಡ್ಯೂಟಿಯ ಸಮವಸ್ತ್ರದಲ್ಲೇ, ಕಂಕುಳಲ್ಲಿ ಹೆಲ್ಮೆಟ್ ಇಟ್ಟುಕೊಂಡು ಬಂದರು. ಕೂರಲು ಹೇಳಿದರೆ ಕೂರಲಿಲ್ಲ.

"ಈಕಿನ್ನ ಸಣ್ಣಾಕಿ ಇದ್ದಾಗಿಂದ ನೋಡೇನ್ರಿ ಮೇಡಂ. ಸುಳ್ಳ ಹೇಳಾಕಿ ಅಲ್ರಿ," ಎಂದರು. ಆಮೇಲೆ, "ಆದ್ರ ನೀವು ಕಲ್ತವ್ರು. ನೋಡೇ ಹೇಳಿರ್ತೀರಿ," ಎಂದು ಕನ್ನಡದಲ್ಲಿ ದುಂಡಗೆ ಸಹಿ ಹಾಕಿದರು. ಹೊರಗೆ ಹೋಗುವಾಗ ಸೋದರಸೊಸೆಯ ತಲೆಯ ಮೇಲೆ ಕೈ ಇಟ್ಟರೋ, ಬೈದರೋ, ನಾನು ನೋಡಲಿಲ್ಲ. ನನಗೆ ತರಗತಿಯಿತ್ತು.

ಮುಂದಿನ ವರ್ಷ ಅದೇ ಸೆಮಿಸ್ಟರಿನ ನಡುವೆ ನಮ್ಮಲ್ಲಿ ಅಧ್ಯಾಪಕರಿಗೊಂದು ಕಾರ್ಯಾಗಾರ ಏರ್ಪಾಡಾಯಿತು. ವಿಷಯ: ಪ್ರೋಗ್ರಾಮಿಂಗ್ ಅಸೈನ್‌ಮೆಂಟುಗಳಲ್ಲಿ ಕಾಪಿ ಹಿಡಿಯುವುದು ಹೇಗೆ. ಮಾತಾಡಲು ಯಾರನ್ನು ಕರೆಯುತ್ತಾರೆ? ಸಿಸಿಟಿವಿಯನ್ನೇ. ಹಿಂದಿನ ಭಾನುವಾರ ಅಡುಗೆ ಮುಗಿಸಿ, ಅಮ್ಮ ಮಲಗಿದ ಮೇಲೆ, ಸ್ಲೈಡುಗಳನ್ನು ಮಾಡಲು ಕೂತೆ. ನನ್ನ ಬಳಿಯಿದ್ದ ಅತ್ಯುತ್ತಮ ಉದಾಹರಣೆ ಯಾವುದು? ಚೇತನ್ ಮತ್ತು ಶಿವಲೀಲಾರದೇ. ಇಬ್ಬರ ಹೆಸರು ಮರೆಮಾಡಿದರೆ ಸಾಕು. ಹತ್ತಿರದ ಅಂಗಡಿಯಲ್ಲಿ ಎರಡೂ ಪ್ರೋಗ್ರಾಂಗಳನ್ನು ಮೊದಲಿನಿಂದ ಕೊನೆಯವರೆಗೆ ಪ್ರಿಂಟ್ ಹಾಕಿಸಿ, ಬಿಸಿ ಹಾಳೆಗಳನ್ನು ಊಟದ ಮೇಜಿನ ಮೇಲೆ ಹರಡಿದೆ. ಹಾಗೆ ಪೂರ್ತಿಯಾಗಿ ಅವನ್ನು ಕಾಗದದ ಮೇಲೆ ನೋಡಿದ್ದು ಅದೇ ಮೊದಲು.

ಕೊನೆಯ ಪುಟದಲ್ಲಿ ಶಿವಲೀಲಾ ಒಂದು ಟಿಪ್ಪಣಿ ಬರೆದಿದ್ದಳು. ಪ್ರೋಗ್ರಾಂ ಓಡುವಾಗ ಯಂತ್ರ ಓದದೆ ಬಿಡುವ, ಬರೆದವರ ನೆನಪಿಗಷ್ಟೇ ಇರುವ ಸಾಲುಗಳು ಅವು. ಸಾಫ್ಟ್‌ವೇರೂ ಅವನ್ನು ಓದುವುದಿಲ್ಲ. ನಾನೂ ಓದಿರಲಿಲ್ಲ. ತನ್ನ ಬಸ್ಸು ಸರಿಯಾಗಿ ಓಡುತ್ತದೆಯೇ ಎಂದು ನೋಡಲು ಅವಳು ತನ್ನ ಊರ ಕಡೆಯ ನಿಲ್ದಾಣಗಳನ್ನು ಹಾಕಿಕೊಂಡಿದ್ದಳು: gadag, dambal, mundaragi. ಗದಗ, ಡಂಬಳ, ಮುಂಡರಗಿ.

ಚೇತನ್‌ನ ಕೊನೆಯ ಪುಟದಲ್ಲೂ ಆ ಸಾಲಿತ್ತು. ಅದರಲ್ಲಿ ಹೀಗಿತ್ತು: gadag, dambal, nextragi.

ನೆಕ್ಸ್ಟ್‌ರಗಿ. ಎರಡು ಸಲ ಓದಿದೆ. ಅಂಥ ಊರು ಕರ್ನಾಟಕದ ಭೂಪಟದಲ್ಲಿಲ್ಲ. ಆಮೇಲೆ ಹೊಳೆಯಿತು. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ನಮ್ಮ 'ದ'ಗೂ 'ಡ'ಗೂ ಒಂದೇ ಡಿ. ಚೇತನ್ ಅವಳ ಪ್ರೋಗ್ರಾಂ ತೆಗೆದುಕೊಂಡು, munda ಎಂದು ಇರುವ ಕಡೆಯೆಲ್ಲ next ಎಂದು ಹಾಕು ಎಂದು ಕಂಪ್ಯೂಟರಿಗೆ ಒಂದೇ ಏಟಿಗೆ ಹೇಳಿದ್ದ. ಅದು ಹೇಳಿದ್ದನ್ನು ಮಾಡಿತ್ತು. ಮುಂಡರಗಿ ಎಂಬ ಊರಿನ ಹೆಸರೊಳಗೂ munda ಎಂಬ ಐದು ಅಕ್ಷರಗಳಿವೆ. ಅವನ್ನೂ ಕಿತ್ತು next ಕೂರಿಸಿತ್ತು.

ಹೆಸರು ಬದಲಾಗಿತ್ತು, ನಿಜ. ನಾನು ಹೇಳಿದ ದಿಕ್ಕಿಗೆ ಅಲ್ಲ.

ಅಡುಗೆಮನೆಗೆ ಎದ್ದು ಹೋಗಿ ನೀರು ಕುಡಿದು ಬಂದು ಮತ್ತೆ ನೋಡಿದೆ. ಬೇರೆ ಯಾವುದಾದರೂ ವಿವರಣೆ ಇರಬಹುದೇ ಎಂದು ಬಹಳ ಹುಡುಕಿದೆ. ಅವಳ ತಪ್ಪನ್ನು ಹುಡುಕಲು ಐದು ನಿಮಿಷ ಸಾಕಾಗಿದ್ದ ನಾನು, ನನ್ನ ತಪ್ಪು ಅಲ್ಲವೆಂದು ಸಾಧಿಸಲು ಸಂಜೆಯವರೆಗೂ ಕೂತಿದ್ದೆ. ಅಮ್ಮ ಎದ್ದು ಬಂದು, "ಯಾಕೆ, ಮುಖ ಹಾಗಿದೆ? ಯಾರು ಕಾಪಿ ಹೊಡೆದ್ರು?" ಎಂದು ಕೇಳಿದರು.

ಸೋಮವಾರ ಚೇತನ್‌ನನ್ನು ಸ್ಟಾಫ್ ರೂಮಿಗೆ ಕರೆದು ಆ ಸಾಲನ್ನು ತೋರಿಸಿದೆ. ಅವನ ಮುಖ ಇಳಿಯಿತು. ವಾದ ಮಾಡಲಿಲ್ಲ.

"ಶಿವಲೀಲಾ ಅವರೇ ಪೆನ್‌ಡ್ರೈವ್‌ನಲ್ಲಿ ಕೊಟ್ರು ಮೇಡಂ. ಸುಮ್ನೆ ನೋಡಿ ಕೊಡ್ತೀನಿ ಅಂದಿದ್ದೆ. ಕ್ಲಾಸಲ್ಲಿ ಅವರ ಜೊತೆ ಮಾತಾಡ್ತಿದ್ದಿದ್ದು ನಾನೊಬ್ನೇ, ಅದಕ್ಕೆ ಕೊಟ್ರು."

"ಮತ್ತೆ ಅವತ್ತು ಯಾಕೋ ಹೇಳ್ಲಿಲ್ಲ?"

"ಹೇಳ್ಬೇಕು ಅಂತಾನೇ ಬಂದಿದ್ದೆ ಮೇಡಂ, ನಿಜ. ಆದ್ರೆ ನಾನು ಬಾಯಿ ಬಿಡೋಕ್ ಮುಂಚೆನೇ ನೀವೇ ಎಲ್ಲಾ ಹೇಳ್ಬಿಟ್ರಿ. ಅವರು ನಂದನ್ನ ಕಾಪಿ ಮಾಡಿದ್ದಾರೆ ಅಂತ. ನೀವೇ ಅಷ್ಟು ಗ್ಯಾರಂಟಿಯಾಗಿ ಹೇಳಿದ್ಮೇಲೆ... ನಾನು ಸುಮ್ನಾಗ್ಬಿಟ್ಟೆ. ಆ ಲ್ಯಾಪ್‌ಟಾಪ್ ಕತೆ ಅಲ್ಲೇ ಹೊಳೀತು."

ಅವನು ಸುಳ್ಳು ಹೇಳಿದ್ದ. ಆದರೆ ಸುಳ್ಳಿಗೆ ಚಾಪೆ ಹಾಸಿ ಕೊಟ್ಟವಳು ನಾನು. ಅವನನ್ನು ಬೈಯಲು ಹುಡುಕಿದ ಮಾತುಗಳೆಲ್ಲ ನನ್ನ ಕಡೆಗೇ ತಿರುಗುತ್ತಿದ್ದವು. ಹೋಗು ಎಂದೆ.

ಅವತ್ತೇ ಮುಖ್ಯಸ್ಥರ ಬಳಿ ಹೋದೆ. ಅವರು ಹಾಳೆಗಳನ್ನು ನೋಡಿ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ವರ್ಷ ಆಯ್ತಲ್ಲ ಮೇಡಂ. ಆ ಹುಡುಗಿ ಹೇಗೂ ಈಗ ಲ್ಯಾಬ್ ಮಾಡ್ತಿದ್ದಾಳೆ, ಪಾಸಾಗ್ತಾಳೆ. ಕೆದಕಿದ್ರೆ ನಿಮ್ಮ ಹೆಸರೇ ಹಾಳಾಗೋದು. ಯೋಚ್ನೆ ಮಾಡಿ."

ನಾನು ಯೋಚನೆ ಮಾಡಿದೆ. ಈಗ ನಾಚಿಕೆಯಾಗುವುದು ಇದಕ್ಕೇ. ಎರಡು ದಿನ ಆ ಮಾತಿನ ನೆರಳಲ್ಲಿ ಆರಾಮವಾಗಿದ್ದೆ. ಸ್ಲೈಡಿನಿಂದ ಆ ಉದಾಹರಣೆಯನ್ನು ತೆಗೆದು ಬೇರೊಂದನ್ನು ಹಾಕಿಯೂ ಆಗಿತ್ತು.

ಬುಧವಾರ ಎರಡನೆಯ ವರ್ಷದವರ ಲ್ಯಾಬಿಗೆ ಹೋಗಬೇಕಿತ್ತು. ಆ ಸೆಮಿಸ್ಟರಿನಲ್ಲಿ ಆ ಲ್ಯಾಬು ಬೇರೆಯವರದಾಗಿತ್ತು. ಅವರು ರಜೆಯಲ್ಲಿದ್ದುದರಿಂದ ನಾನು ಹೋದೆ. ಶಿವಲೀಲಾ ಕೊನೆಯ ಸಾಲಿನಲ್ಲಿದ್ದಳು. ಅವಳ ಎರಡೂ ಪಕ್ಕ ಜೂನಿಯರ್ ಹುಡುಗಿಯರು. "ಅಕ್ಕಾ, ಇದು ಲೂಪಲ್ಲಿ ಸಿಕ್ಕಾಕ್ಕೊಂಡಿದೆ, ನಿಲ್ತಾನೇ ಇಲ್ಲ," ಎಂದು ಒಬ್ಬಳು ಅವಳ ತೋಳು ಜಗ್ಗಿದಳು. ಶಿವಲೀಲಾ ಪರದೆಯನ್ನು ಮುಟ್ಟದೆ, ಒಂದು ನೋಟ್‌ಬುಕ್ಕಿನಲ್ಲಿ ಮೂರು ಡಬ್ಬಿ ಬರೆದು, ಬಾಣ ಎಳೆದು ತೋರಿಸಿದಳು. ಹುಡುಗಿ "ಓ!" ಎಂದಳು. ಅಷ್ಟು ಚೆನ್ನಾಗಿ ನಾನು ಬೋರ್ಡಿನ ಮೇಲೆ ಹೇಳಿಕೊಟ್ಟದ್ದಿಲ್ಲ.

ಅವಳನ್ನು ಕಾರಿಡಾರಿಗೆ ಕರೆದೆ. ಹೇಳಬೇಕಾದ್ದನ್ನು ಹೇಗೆ ಹೇಳುವುದೆಂದು ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದೆ. ಎಲ್ಲ ಮರೆತು ಹೋಗಿ, "ಶಿವಲೀಲಾ, ನೀನೇ ಬರೆದಿದ್ದು ಅಂತ ಗೊತ್ತಾಯ್ತು. ನಾನು ತಪ್ಪು ಮಾಡ್ದೆ. ದೊಡ್ಡ ತಪ್ಪು," ಎಂದೆ. ಮುಂಡರಗಿಯ ವಿಷಯವನ್ನೂ ಹೇಳಿದೆ. ನೆಕ್ಸ್ಟ್‌ರಗಿ ಎಂದಾಗ ಅವಳಿಗೆ ನಗು ಬಂತು. ನಗುವಿನ ಜೊತೆಗೇ ಕಣ್ಣಲ್ಲಿ ನೀರೂ ಬಂತು. ಅವಳು ಅದನ್ನು ದುಪಟ್ಟಾದ ತುದಿಯಿಂದ ಒರೆಸಿಕೊಂಡಳು.

"ಆತು ಬಿಡ್ರಿ ಮೇಡಂ," ಎಂದಳು. "ನಾ ಮೊದ್ಲ ನೋಟ್‌ಬುಕ್ಕಿನ್ಯಾಗ ಬರೀತೀನ್ರಿ, ನಮ್ಮನ್ಯಾಗ ಕಂಪ್ಯೂಟರ್ ಇಲ್ಲಲ್ರಿ. ಅವತ್ತ ಆ ನೋಟ್‌ಬುಕ್ ಚೀಲದಾಗ ಇತ್ರಿ. ತಾರೀಖ ಹಾಕಿ ಬರ್ದಿದ್ದೆ." ಆಮೇಲೆ ನನ್ನನ್ನು ನೇರವಾಗಿ ನೋಡಿ ಕೇಳಿದಳು, "ಅವತ್ತ ನೀವು ಕನ್ನಡದಾಗ ಯಾಕ ಕೇಳ್ಲಿಲ್ರಿ ಮೇಡಂ?"

ಅದರಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ ಪ್ರಶ್ನೆ ಅದು. "ಗೊತ್ತಿಲ್ಲಮ್ಮ" ಎಂದೆ. ಅವಳು ತಲೆಯಾಡಿಸಿ ಒಳಗೆ ಹೋದಳು. ಅವಳ ಪ್ರೋಗ್ರಾಂ ಇನ್ನೂ ಮುಗಿದಿರಲಿಲ್ಲ.

ಕಾರ್ಯಾಗಾರದಲ್ಲಿ ಆ ಉದಾಹರಣೆಯನ್ನು ಮತ್ತೆ ಸೇರಿಸಿ, ನಡೆದದ್ದನ್ನು ನಡೆದಂತೆ ಹೇಳಿದೆ. ಮುಂದಿನ ಸಾಲಿನಲ್ಲಿದ್ದ ಮುಖ್ಯಸ್ಥರು ಫೋನು ನೋಡುತ್ತಿದ್ದರು. ಮುಗಿದ ಮೇಲೆ ಹಿಂದಿನಿಂದ ಒಬ್ಬ ಯುವ ಅಧ್ಯಾಪಕರು ಕೈ ಎತ್ತಿ, "ಹಾಗಾದ್ರೆ ಯಾವ ಸಾಫ್ಟ್‌ವೇರ್ ರೆಕಮೆಂಡ್ ಮಾಡ್ತೀರಾ ಮೇಡಂ?" ಎಂದು ಕೇಳಿದರು. ನೀವು ನಗಬಹುದು. ಅವರ ಕೈಯಲ್ಲಿ ಆಗ ನೂರ ಇಪ್ಪತ್ತು ಮಕ್ಕಳ ಅಸೈನ್‌ಮೆಂಟುಗಳಿದ್ದವು. ನನಗೆ ನಗು ಬರಲಿಲ್ಲ.

ಶಿವಲೀಲಾಳ ಮೇಲಿನ ತೀರ್ಪು ತಪ್ಪೆಂದು ಅವತ್ತೇ ಲಿಖಿತ ಪತ್ರ ಕೊಟ್ಟೆ. ಪತ್ರ ಕೊಟ್ಟ ಮೇಲೆ ಯಾರೂ ಬೇಡವೆನ್ನುವಂತಿರಲಿಲ್ಲ. ಆದರೆ ಕಾಗದ ಮೇಜಿನಿಂದ ಮೇಜಿಗೆ ನಡೆಯುವ ವೇಗ ನಿಮಗೆ ಗೊತ್ತಲ್ಲ. ಅವಳ ದಾಖಲೆಯಿಂದ ಆ ಸಾಲನ್ನು ತೆಗೆದುಹಾಕಿದ ಆದೇಶ ಬರುವ ಹೊತ್ತಿಗೆ ಅವಳು ಆ ಲ್ಯಾಬನ್ನು ಪೂರ್ತಿ ಎರಡನೆಯ ಸಲ ಮಾಡಿ, ಪರೀಕ್ಷೆಯನ್ನೂ ಬರೆದು ಮುಗಿಸಿದ್ದಳು. ಚೇತನ್‌ಗೆ ಅದೇ ಶಿಕ್ಷೆಯಾಯಿತು. ಅವನು ತಕರಾರು ಮಾಡದೆ ಜೂನಿಯರ್‌ಗಳ ಜೊತೆ ಕೂತ. ಅವಳನ್ನು ಹುಡುಕಿಕೊಂಡು ಹೋಗಿ ಕ್ಷಮೆ ಕೇಳಿದನಂತೆ. ಅವಳು ಏನು ಹೇಳಿದಳೋ ಇಬ್ಬರೂ ನನಗೆ ಹೇಳಲಿಲ್ಲ. ಅವಳ ಮಾವನಿಗೆ ನಾನೇ ಫೋನ್ ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡು, "ನೀವ ಫೋನ್ ಮಾಡಿದ್ರಲ್ರಿ, ಅಷ್ಟ ಸಾಕ್ರಿ," ಎಂದರು. ಅಷ್ಟು ಸಾಕಾಗಿರಲಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಆ ಪರೀಕ್ಷೆಯಲ್ಲಿ ಅವಳು ಬರೆದ ಪ್ರೋಗ್ರಾಮನ್ನು ಆಮೇಲೆ ತರಿಸಿ ನೋಡಿದೆ. ಎಲ್ಲ ಸರಿಯಾಗಿತ್ತು. ಹೆಸರುಗಳೆಲ್ಲ ಪುಸ್ತಕದಲ್ಲಿದ್ದಂತೆ prev, next, temp. ಒಮ್ಮೆ ಮೆಟ್ಟಿಲ ಬಳಿ ಸಿಕ್ಕಾಗ, "ಈಗ ಇಂಗ್ಲಿಷ್ ಹೆಸರೇ ಇಡ್ತೀಯಾ?" ಎಂದು ಕೇಳಿದೆ.

"ಹೌದ್ರಿ. ಇದ್ರಾಗ ಯಾರಿಗೂ ಡೌಟ್ ಬರೂದಿಲ್ರಿ," ಎಂದಳು.

ಅವಳು ಪಾಸಾಗಿ ಹೋಗಿ ಕೆಲವು ವರ್ಷಗಳಾದವು. ತನ್ನ ಊರ ಕಡೆಯೇ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಳೆಂದು ಯಾರೋ ಹೇಳಿದರು. ಹೇಗೆ ಪಾಠ ಮಾಡುತ್ತಾಳೆಂದು ಆ ನೋಟ್‌ಬುಕ್ಕಿನ ಡಬ್ಬಿಗಳನ್ನು ನೋಡಿದ ನನಗೆ ಗೊತ್ತು. ನಂಬರ್ ಕೇಳುವ ಧೈರ್ಯ ಆಗಲಿಲ್ಲ.

ಈಗಿನ ಪರಿಸ್ಥಿತಿ ಬೇರೆ. ಈಗ ಮಕ್ಕಳು ಗೆಳೆಯರಿಂದ ಕೇಳಬೇಕಾಗಿಯೇ ಇಲ್ಲ. ಪ್ರಶ್ನೆಯನ್ನು ಹಾಕಿದರೆ ಯಂತ್ರವೇ ಪ್ರೋಗ್ರಾಂ ಬರೆದು, ಪ್ರತಿ ಸಾಲಿಗೂ ವಿವರಣೆ ಕೊಟ್ಟು, ಕೊನೆಗೆ ಇನ್ನೇನಾದರೂ ಬೇಕೇ ಎಂದು ವಿನಯದಿಂದ ಕೇಳುತ್ತದೆ. ಬರುವ ಪ್ರೋಗ್ರಾಂಗಳೆಲ್ಲ ಒಂದೇ ಬ್ಯೂಟಿ ಪಾರ್ಲರಿನಿಂದ ಹೊರಬಂದಂತೆ ಮಿರುಗುತ್ತವೆ. ಅದನ್ನು ಹಿಡಿಯಲು ಇನ್ನೊಂದು ಯಂತ್ರ ಬಂದಿದೆ. ಅದು ಕೆಲವೊಮ್ಮೆ ಸ್ವಂತ ಬರೆದವರನ್ನೇ ಹಿಡಿಯುತ್ತದೆ. ನಡುವೆ ನಾವಿದ್ದೇವೆ, ಮೇಷ್ಟ್ರುಗಳು, ಯಾವ ಯಂತ್ರವನ್ನು ನಂಬಬೇಕೆಂದು ತಿಳಿಯದೆ. ಸುಸ್ತಾಗುತ್ತದೆ. ನಿವೃತ್ತಿಗೆ ಇನ್ನೆಷ್ಟು ವರ್ಷ ಎಂದು ಕೆಲವು ಸಂಜೆ ಬಸ್ಸಿನಲ್ಲಿ ಲೆಕ್ಕ ಹಾಕುತ್ತೇನೆ.

ಹಾಗಾಗಿ ನಾನೀಗ ಹಳೆಯ ದಾರಿ ಹಿಡಿದಿದ್ದೇನೆ. ಒಬ್ಬೊಬ್ಬರನ್ನೇ ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡಿಸುತ್ತೇನೆ. ಅರವತ್ತು ಜನ. ನಾಲ್ಕು ದಿನವಾದರೂ ಮುಗಿಯುವುದಿಲ್ಲ, ಗಂಟಲು ಕಟ್ಟುತ್ತದೆ. ಕಿರಿಯ ಸಹೋದ್ಯೋಗಿಗಳು ಬಂದು, "ಇಷ್ಟು ಟೈಮ್ ಎಲ್ಲಿಂದ ತರ್ತೀರಾ ಮೇಡಂ?" ಎನ್ನುತ್ತಾರೆ. ನನಗೂ ಗೊತ್ತಿಲ್ಲ.

ಜೆರಾಕ್ಸ್ ಅಂಗಡಿಯಿಂದ ಬಂದ ಮರುದಿನ ಭಾನುವಾರ ಸುಮ್ಮನೆ ಕಳೆಯಿತು. ಇವತ್ತು ಸೋಮವಾರ. ಬೆಳಿಗ್ಗೆ ಮೊದಲು ಬಂದವನು ಹೊಸ ಯಂತ್ರ ಕೆಂಪು ಗುರುತು ಹಾಕಿದ್ದ ಹುಡುಗ. ಪಾವಗಡದ ಕಡೆಯವನು, ಹೆಚ್ಚು ಮಾತಾಡಿದ್ದನ್ನು ನಾನು ಕೇಳಿಲ್ಲ. ಕುರ್ಚಿಯ ತುದಿಯಲ್ಲಿ ಕೂತ. ವರದಿಯ ನಮೂನೆಯಲ್ಲಿ 'ವಿದ್ಯಾರ್ಥಿಯ ವಿವರಣೆ' ಎಂದು ಒಂದು ಅಂಕಣವಿದೆ. ಮೊದಲೆಲ್ಲ ಅದನ್ನು ನಾನೇ ಒಂದು ಸಾಲಿನಲ್ಲಿ ತುಂಬಿಬಿಡುತ್ತಿದ್ದೆ.

"ಇದು ಹೇಗೆ ಬರೆದೆ ಅಂತ ಹೇಳಪ್ಪ," ಎಂದೆ. "ಕನ್ನಡದಲ್ಲಾದ್ರೂ ಹೇಳು, ತೆಲುಗಲ್ಲಾದ್ರೂ ಹೇಳು. ನನಗೆ ಅ‌ರ್ಧಂಬರ್ಧ ತೆಲುಗು ಬರತ್ತೆ."

ಅವನು ನನ್ನನ್ನು ನೋಡಿದ, ಪರದೆಯನ್ನು ನೋಡಿದ, ತನ್ನ ಬೆರಳುಗಳನ್ನು ನೋಡಿಕೊಂಡ. ಒಂದು ನಿಮಿಷವಾಯಿತು. ಎರಡಾಯಿತು. ಬಾಗಿಲಲ್ಲಿ ಮುಂದಿನ ಹುಡುಗಿ ಇಣುಕಿ ಹೋದಳು. ಅವನು ಏನು ಮಾಡಿರಬಹುದೆಂಬ ನಾಲ್ಕು ಊಹೆಗಳು ನನ್ನ ನಾಲಿಗೆಯ ತುದಿಗೆ ಬಂದು ನಿಂತಿದ್ದವು. ನಾನು ಪೆನ್ನಿನ ಮುಚ್ಚಳ ಹಾಕಿ, ಕೈ ಕಟ್ಟಿಕೊಂಡು, ಅವನು ಶುರುಮಾಡುವವರೆಗೂ ಕಾದೆ.